ಖಾತೆ ತೆರೆದರೆ ಸಾವಿರ ರೂಪಾಯಿ

ಬ್ಯಾಂಕಿನಲ್ಲಿ ಹೊಸ ಖಾತೆಯ ಮೇಜಿನ ಹಿಂದೆ ಕೂತವನಿಗೆ ನಗು ಬರುವ ಸಂದರ್ಭಗಳಿಗೆ ಬರವಿಲ್ಲ. ಕಷ್ಟವೆಂದರೆ ಅಲ್ಲಿ ನಗುವ ಹಾಗಿಲ್ಲ, ಗಿರಾಕಿ ಎದ್ದುಹೋಗುತ್ತಾರೆ. ಹಾಗಾಗಿ ನಾನು ನಗುವುದನ್ನೆಲ್ಲ ಸಂಜೆಯ ಬಸ್ಸಿಗೆ ಇಟ್ಟುಕೊಳ್ಳುತ್ತೇನೆ. ಒಬ್ಬನೇ ನಗುವವನ ಪಕ್ಕದ ಸೀಟು ಯಾವಾಗಲೂ ಖಾಲಿ ಇರುತ್ತದೆ, ಅದೊಂದು ಅನುಕೂಲ.

ನಮ್ಮ ಬ್ಯಾಂಕು ಒಂದು ಯೋಜನೆ ತಂದಿತು. ಬೇರೆ ಬ್ಯಾಂಕಿನಿಂದ ನಮ್ಮಲ್ಲಿಗೆ ಬಂದು, ಹತ್ತು ಸಾವಿರ ಇಟ್ಟು ಮೂರು ತಿಂಗಳು ಮುಟ್ಟದಿದ್ದರೆ ಸಾವಿರ ರೂಪಾಯಿ ಬೋನಸ್. ಮುಟ್ಟಿದರೆ ಬೋನಸ್ಸೂ ಇಲ್ಲ, ಮೇಲಿಂದ ತಿಂಗಳು ತಿಂಗಳು ಶುಲ್ಕ. ಮೊದಲನೆಯದನ್ನು ಊರಿಗೆಲ್ಲ ಕೇಳುವ ಹಾಗೆ ಹೇಳಬೇಕು, ಎರಡನೆಯದನ್ನು ಕೆಮ್ಮಿನ ಜೊತೆಗೆ. ಸಿಬ್ಬಂದಿ ಸಾಲದೆ ನನ್ನನ್ನು ಒಂದೊಂದು ಶಾಖೆಗೂ ಓಡಿಸಿದರು.

ಕಾಪುವಿನ ಚೌಕಾಶಿ

ಕಾಪು ಶಾಖೆಯಲ್ಲಿದ್ದಾಗ ಮೀನು ಮಾರುವ ಅಕ್ಕ ಒಬ್ಬರು ಮಾರ್ಕೆಟ್ ಮುಗಿಸಿ ಬಂದು ಎದುರು ಕೂತರು. ಯೋಜನೆ ಕೇಳಿದ ಕೂಡಲೇ, "ಸಾವಿರವಾ? ಎರಡು ಸಾವಿರ ಮಾಡಿ" ಅಂದರು.

"ಅಕ್ಕಾ, ಇದು ಬ್ಯಾಂಕಿನ ರೇಟು. ಹೆಚ್ಚು ಕಮ್ಮಿ ಇಲ್ಲ."

"ನಾನೂ ಬೆಳಿಗ್ಗೆ ಹಾಗೆಯೇ ಹೇಳುವುದು. ಮಧ್ಯಾಹ್ನಕ್ಕೆ ಬಿಡ್ತೇನೆ. ಈಗ ಮಧ್ಯಾಹ್ನ ಅಲ್ವಾ?"

ಆಗುವುದೇ ಇಲ್ಲ ಎಂದೆ. ಅವರು ಎದ್ದು ಬಾಗಿಲ ಕಡೆ ಹೊರಟರು. ಬೆಲೆ ಜಾಸ್ತಿಯಾಯಿತೆಂದು ನಾವು ಮೀನಿನ ಬುಟ್ಟಿ ಬಿಟ್ಟು ಹೊರಡುತ್ತೇವಲ್ಲ, ಹಿಂದಿನಿಂದ ಕರೆಯಲಿ ಎಂದು ಕಿವಿ ಅಲ್ಲೇ ಬಿಟ್ಟು, ಆ ನಡಿಗೆ. ನನಗೆ ತಿಂಗಳ ಟಾರ್ಗೆಟ್ ಕಣ್ಣೆದುರು ಬಂತು. "ಅಕ್ಕಾ, ಒಂದು ನಿಮಿಷ!" ಅಂದುಬಿಟ್ಟೆ.

ಅವರು ತಿರುಗಿ ಬಂದು ಕೂತು ಸೆರಗು ಸರಿಮಾಡಿಕೊಂಡರು. "ಕರೆದಿರಲ್ಲ? ಇನ್ನು ನೀವು ಸೋತಿರಿ."

ಗೋಡೆಯ ಗಡಿಯಾರ ಕೊಡಿ ಎಂದು ಶುರುವಾದ ವ್ಯಾಪಾರ ಕೊನೆಗೆ ಸಾವಿರ ರೂಪಾಯಿಯ ಮೇಲೆ ನನ್ನ ಮೇಜಿನ ಕ್ಯಾಲೆಂಡರಿಗೂ ಪೆನ್ನಿಗೂ ಕುದುರಿತು. ಹೋಗುವಾಗ ನನ್ನ ಸಪ್ಪೆ ಮುಖ ನೋಡಿ ಅವರೇ ಸಮಾಧಾನ ಹೇಳಿದರು: "ಬೇಜಾರು ಮಾಡಬೇಡಿ. ನಾಳೆ ಮೀನಿಗೆ ಬನ್ನಿ, ಒಂದು ಬಂಗುಡೆ ಹೆಚ್ಚು ಹಾಕ್ತೇನೆ. ನಿಮ್ಮ ಹಾಗೆ ಮೂರು ತಿಂಗಳು ಕಾಯಿಸುವುದಿಲ್ಲ."

ಮೇಲಿನ ಮಹಡಿ

ಮಣಿಪಾಲದಲ್ಲಿ ಒಂದೇ ಕಟ್ಟಡದಲ್ಲಿ ಕೆಳಗೆ ನಾವು, ಮೇಲೆ ಇನ್ನೊಂದು ಬ್ಯಾಂಕು. ಒಂದು ದಿನ ಕಾಲೇಜಿನ ಪ್ರೊಫೆಸರ್ ಒಬ್ಬರು ಕೆಂಡವಾಗಿ ಬಂದರು. ಬೋನಸ್ ಎಲ್ಲಿ ಉಂಟೋ ಅಲ್ಲಿಗೆ ಖಾತೆ ಬದಲಾಯಿಸುತ್ತಾ ಹೋಗುವುದು ಅವರ ಹವ್ಯಾಸವಂತೆ. ಈ ಸಲ ಬೋನಸ್ ಬರುವ ಮೊದಲೇ ಶುಲ್ಕ ಮುರಿದುಕೊಂಡಿದ್ದಾರೆ.

"ಇದು ಬ್ಯಾಂಕಾ, ಹಗಲು ದರೋಡೆಯಾ?" ಎಂದು ಕೂಗಾಡಿದರು. ಮ್ಯಾನೇಜರ್ ಹೊರಗೆ ಬಂದು ಕ್ಷಮೆ ಕೇಳಿ, ಕುರ್ಚಿ ಕೊಟ್ಟು, ಟೀ ತರಿಸಿದರು. ನಾನು ಕಂಪ್ಯೂಟರಿನಲ್ಲಿ ಹುಡುಕಿದೆ. ಇಲ್ಲ. ಮತ್ತೆ ಹುಡುಕಿದೆ, ಆಗಲೂ ಇಲ್ಲ. ಅನುಮಾನ ಬಂದು ಪಾಸ್‌ಬುಕ್ ಕೇಳಿ ನೋಡಿದೆ.

"ಸರ್, ನಿಮ್ಮ ಖಾತೆ ಮೇಲಿನ ಮಹಡಿಯಲ್ಲಿ ಉಂಟು."

ಪ್ರೊಫೆಸರ್ ಪಾಸ್‌ಬುಕ್ ನೋಡಿದರು, ಮೇಲೆ ಫ್ಯಾನ್ ನೋಡಿದರು. ಆಮೇಲೆ ನಿಧಾನವಾಗಿ ಟೀ ಮುಗಿಸಿ ಕಪ್ ಕೆಳಗಿಟ್ಟರು.

"ಅಲ್ಲಿ ಟೀ ಕೊಡುವುದಿಲ್ಲ. ಹೊಸ ಖಾತೆಗೆ ನಿಮ್ಮಲ್ಲಿ ಎಷ್ಟು ಕೊಡ್ತೀರಿ?"

ಗ್ಯಾಸಿನ ನಂಬರ್

ಕಾರ್ಕಳದ ಹಾರ್ಡ್‌ವೇರ್ ಅಂಗಡಿಯ ಯಜಮಾನರು ಬಂದವರೇ ಕುರ್ಚಿ ಹತ್ತಿರ ಎಳೆದು ಪಿಸುಗುಟ್ಟಿದರು. "ಮನೆಯವಳಿಗೆ ಗೊತ್ತಾಗಬಾರದು. ಈ ಸಾವಿರವಾದರೂ ನನ್ನದು ಅಂತ ಇರಲಿ, ಮಾರಾಯ್ರೆ."

ಗುಟ್ಟು ಕಾಪಾಡುವ ಭರವಸೆ ಕೊಟ್ಟು ಅವರ ಆಧಾರ್ ಸಂಖ್ಯೆ ಹಾಕಿದೆ. "ಈಗ ನಿಮ್ಮ ಮೊಬೈಲಿಗೆ ಓಟಿಪಿ ಬರುತ್ತದೆ" ಎಂದೆ. ಬರಲಿಲ್ಲ. ವಿಚಾರಿಸಿದರೆ ಆಧಾರಿಗೆ ಕೊಟ್ಟದ್ದು ಹೆಂಡತಿಯ ನಂಬರ್. ಯಜಮಾನರು ಬೆವರು ಒರೆಸಿಕೊಂಡು ಮನೆಗೆ ಫೋನ್ ಮಾಡಿದರು. ಆ ಕಡೆಯ ಮಾತು ನನಗೂ ಸ್ಪಷ್ಟವಾಗಿ ಕೇಳುತ್ತಿತ್ತು.

"ನಿನ್ನ ಮೊಬೈಲಿಗೆ ಒಂದು ನಂಬರ್ ಬಂದಿದೆ, ಅದನ್ನು ಹೇಳು."

"ಎಂತದ್ದು ಅದು?"

"ಗ್ಯಾಸಿನದ್ದು."

"ಗ್ಯಾಸ್ ನಿನ್ನೆಯೇ ಬಂತಲ್ಲ!"

ಆ ಕಡೆ ಮೊಬೈಲ್ ಒತ್ತುವ ಸದ್ದು ಕೇಳಿತು. ಸಂದೇಶ ಓದುತ್ತಿದ್ದಾರೆಂದು ನಮಗಿಬ್ಬರಿಗೂ ಗೊತ್ತಾಯಿತು. ಯಜಮಾನರು ಕಣ್ಣು ಮುಚ್ಚಿಕೊಂಡರು.

"ಬ್ಯಾಂಕಿನಲ್ಲೇ ಕೂತಿರಿ. ನಾನು ಬರ್ತೇನೆ."

ಆಟೋದಲ್ಲಿ ಬಂದರು. ಜಗಳವಾಡಲಿಲ್ಲ, ಗಂಡನ ಕಡೆ ನೋಡಲೂ ಇಲ್ಲ. ನನ್ನೊಡನೆ ಬಹಳ ಮರ್ಯಾದೆಯಿಂದ ಹೇಳಿದರು: "ಖಾತೆ ಇವರ ಹೆಸರಿನಲ್ಲೇ ಇರಲಿ. ಕಾರ್ಡು ಮಾತ್ರ ನನ್ನ ಕೈಗೆ ಕೊಡಿ."

ಎದುರಿನ ಬ್ಯಾಂಕು

ಉಡುಪಿಯಲ್ಲಿ ನಮ್ಮ ಗಿರಾಕಿಗಳು ಒಬ್ಬೊಬ್ಬರೇ ರಸ್ತೆ ದಾಟಿ ಎದುರಿನ ಬ್ಯಾಂಕಿಗೆ ಹೋಗತೊಡಗಿದರು. ಅಲ್ಲಿ ಎಂತ ಮಾಯ ಉಂಟು ಎಂದು ನೋಡಿಕೊಂಡು ಬರಲು ಮ್ಯಾನೇಜರ್ ನನ್ನನ್ನು ಕಳಿಸಿದರು. "ಗಿರಾಕಿಯ ಹಾಗೆ ಹೋಗಿ. ಸಿಕ್ಕಿಬಿದ್ದರೆ ನಿಮ್ಮ ಕತೆ ಮುಗೀತು, ನಾನು ಕಳಿಸಿದ್ದು ಅಂತ ಹೇಳಬೇಡಿ" ಎಂದರು.

ಅಲ್ಲಿ ಹೊಸ ಖಾತೆಯ ಮೇಜಿನಲ್ಲಿದ್ದವರು ಕನ್ನಡಕದ, ನಗುಮುಖದ ಮನುಷ್ಯ. ನನ್ನ ಉದ್ಯೋಗ ಕೇಳಿದರು. ಬಾಯಿಗೆ ಬಂದದ್ದು, "ತೆಂಗಿನೆಣ್ಣೆ ವ್ಯಾಪಾರ."

"ಓ! ಈಗ ಲೀಟರಿಗೆ ಎಷ್ಟು?"

ಮನೆಗೆ ಎಣ್ಣೆ ತರುವುದು ನನ್ನ ಹೆಂಡತಿ. "ಅದು... ಏರಿಳಿತ ಉಂಟು" ಎಂದೆ. ಅಷ್ಟರಲ್ಲಿ ಬಾಗಿಲು ತೆರೆದು ನಮ್ಮ ಮ್ಯಾನೇಜರೇ ಒಳಗೆ ಬಂದರು! ನನ್ನ ಮೇಲೆ ನಂಬಿಕೆ ಸಾಲಲಿಲ್ಲವೋ, ಬೋನಸ್ಸಿನ ಮೇಲೆ ಆಸೆಯಾಯಿತೋ, ಇಂದಿಗೂ ಗೊತ್ತಿಲ್ಲ. ಕೈಯಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋ ಬೇರೆ. ನನ್ನನ್ನು ಕಂಡರೂ ಕಾಣದವರ ಹಾಗೆ ಪಕ್ಕದ ಕುರ್ಚಿಯಲ್ಲಿ ಕೂತರು.

ಕನ್ನಡಕದವರು ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದರು. "ನೀವಿಬ್ಬರೂ ಎದುರಿನ ಬ್ಯಾಂಕಿನವರಲ್ವಾ?"

ಹೆಡ್ ಆಫೀಸಿಗೆ ದೂರು, ವಿಚಾರಣೆ, ಯಾವುದೋ ಊರಿಗೆ ವರ್ಗ, ಎಲ್ಲವೂ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು. ಮ್ಯಾನೇಜರ್ ಫೋಟೋವನ್ನು ಮೆಲ್ಲಗೆ ಕಿಸೆಗೆ ಹಾಕಿಕೊಂಡರು.

ಆ ಮನುಷ್ಯ ಮುಂದಕ್ಕೆ ಬಾಗಿ ದನಿ ತಗ್ಗಿಸಿದರು. "ಹೆದರಬೇಡಿ. ನಮ್ಮ ಮ್ಯಾನೇಜರ್ ನನ್ನನ್ನೂ ಹೀಗೆಯೇ ನಿಮ್ಮಲ್ಲಿಗೆ ಕಳಿಸಿದ್ದರು. ಖಾತೆ ಮಾಡಿಕೊಟ್ಟದ್ದು ನೀವೇ, ನಿಮಗೆ ನೆನಪಿಲ್ಲ. ಮೂರು ತಿಂಗಳು ಕಳೆಯಿತು, ನನ್ನ ಸಾವಿರ ರೂಪಾಯಿ ಇನ್ನೂ ಬರಲಿಲ್ಲ ಮಾರಾಯ್ರೆ. ಹೇಗೂ ಇಬ್ಬರೂ ಬಂದಿದ್ದೀರಿ, ಸ್ವಲ್ಪ ನೋಡ್ತೀರಾ?"