ಕಿರಿಯನಿಗೆ ಬೇಕಾದ ಬಾಗಿಲು

ತಪ್ಪು ಯಾರದ್ದೂ ಅಲ್ಲ, ಹಿಂದಿನ ಸಂಜೆ ಮನೆಮಂದಿಯೆಲ್ಲ ಕೂತು ನೋಡಿದ ಹಿಂದಿ ಸಿನಿಮಾದ್ದು. ಅದರಲ್ಲಿ ಮೂವರು ಅಣ್ಣತಮ್ಮಂದಿರು, ಮೂವರು ಸೊಸೆಯರು, ಮೆಟ್ಟಿಲ ಮೇಲೆ ಸಾಲಾಗಿ ನಿಂತು ಹಾಡುವ ಇಡೀ ಬಳಗ. ಇದ್ದಕ್ಕಿದ್ದಂತೆ ಕಿರಿಮಗ ಮನೆ ಬಿಟ್ಟು ಹೋಗುತ್ತಾನೆ. ಹೆಂಡತಿ ಕಿವಿ ಊದಿದಳು ಅಂತ ಎಲ್ಲರೂ ಬೈಯುತ್ತಾರೆ. ಆಮೇಲೆ ನೋಡಿದರೆ ಅವನಿಗೆ ವಾಸಿಯಾಗದ ಕಾಯಿಲೆ. ಮನೆಯವರಿಗೆ ನೋವಾಗಬಾರದು ಅಂತ ದೂರ ಹೋಗಿದ್ದನಂತೆ. ಅದನ್ನು ನೋಡಿ ಈ ಮನೆಯ ನಡುಮನೆಯಲ್ಲಿ ಅಳದೆ ಉಳಿದವನು ಒಬ್ಬನೇ, ಇಲ್ಲಿಯ ಕಿರಿಮಗ. ಮಾರನೆಯ ದಿನ ಅವನೂ ಮನೆ ಬಿಡುವ ಮಾತು ಎತ್ತಬೇಕಿತ್ತು.

ಅವನಿಗೆ ಕಾಯಿಲೆ ಏನೂ ಇರಲಿಲ್ಲ. ಅಡುಗೆಮನೆಯಿಂದ ಹಿತ್ತಲಿಗೆ ಹೋಗುವ ದಾರಿಗೆ ಎರಡು ಪರದೆ ಕಟ್ಟಿ, ಅದನ್ನೇ ಅವನಿಗೂ ಹೆಂಡತಿಗೂ ಕೋಣೆ ಅಂತ ಬಿಟ್ಟುಕೊಟ್ಟಿದ್ದರು, ಅಷ್ಟೇ. ಬಚ್ಚಲಿಗೆ ಹೋಗುವವರೆಲ್ಲ ಅವರ ಹಾಸಿಗೆ ದಾಟಿಯೇ ಹೋಗಬೇಕು. ಮದುವೆಯಾಗಿ ಎರಡು ವರ್ಷವಾದರೂ ಗಂಡಹೆಂಡತಿ ನೆಟ್ಟಗೆ ಒಂದು ಜಗಳ ಆಡಿರಲಿಲ್ಲ. ಶುರುವಾಗುತ್ತಲೇ ಯಾರಾದರೂ ಬಕೆಟ್ ಹಿಡಿದು ಬಂದು ರಾಜಿ ಮಾಡಿಸಿ ಹೋಗುತ್ತಿದ್ದರು. ಪಾಪ, ಎಲ್ಲರೂ ಒಳ್ಳೆಯವರೇ, ಕಷ್ಟವಾಗಿದ್ದೂ ಅದೇ.

ಈಗ ಅವನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆಯೊಂದು ಖಾಲಿಯಾಗಿತ್ತು. ಸಂಜೆಯೊಳಗೆ ಹೂಂ ಅನ್ನದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದ ಮಾಲೀಕ. ನೀವು ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದು ಹೆಂಡತಿ ಪರದೆಯೊಳಗೆ ಪಿಸುಗುಟ್ಟಿದಳು. ಏನು ಹೇಳಬೇಕಾಗಿತ್ತು ಎಂದು ಪರದೆಯಾಚೆಯಿಂದ ಎರಡನೇ ಅತ್ತಿಗೆ ವಿಚಾರಿಸಿದಳು.

ಕಿರಿಯ ತಿಂಡಿಯ ಹೊತ್ತಿಗೆ ದೊಡ್ಡಣ್ಣನ ಮುಂದೆ ಹೋಗಿ ನಿಂತ. ದೊಡ್ಡಣ್ಣ ಲಾರಿ ಓಡಿಸುವವನು. ದನಿ ಗಡಸು, ಕರುಳು ಮೆತ್ತಗೆ. ಬೇರೆ ಮನೆ ಮಾಡುವ ವಿಷಯವನ್ನು ಕಿರಿಯ ಒಂದೇ ಉಸಿರಿಗೆ ಹೇಳಿ, ಬೈಗುಳ ಕೇಳಲು ತಲೆ ತಗ್ಗಿಸಿದ. ಬೈಗುಳ ಬರಲಿಲ್ಲ, ಹೆಗಲ ಮೇಲೆ ಅಣ್ಣನ ಕೈ ಬಂತು.

"ನನ್ನ ತಮ್ಮ ಸುಮ್ಸುಮ್ನೆ ಮನೆ ಬಿಡೋನಲ್ಲ. ಏನು ಕಾಯಿಲೆ, ಹೇಳು."

"ಕಾಯಿಲೆ ಏನೂ ಇಲ್ಲ ಅಣ್ಣ."

"ಸಿನಿಮಾದಲ್ಲಿ ಅವನೂ ಹಿಂಗೇ ಅಂದಿದ್ದ," ಎಂದು ದೊಡ್ಡಣ್ಣ ಕಣ್ಣೊರೆಸಿಕೊಂಡ.

ಕಿರಿಯ ಅಂಗಡಿಗೆ ಓಡಿದ. ಮಧ್ಯಾಹ್ನ ಗಾಜು ಉಜ್ಜುವ ಚಕ್ರದ ಮುಂದೆ ಕೂತು ಒಂದು ಲೆನ್ಸನ್ನು ಚೌಕಟ್ಟಿನ ಅಳತೆಗೆ ತರುತ್ತಿದ್ದಾಗ ಇಬ್ಬರು ಅಣ್ಣಂದಿರೂ ಬಂದರು. ಜೊತೆಗೆ ಪಕ್ಕದ ಮನೆಯ ನಿವೃತ್ತ ಕಾಂಪೌಂಡರ್. ಹಿಂದಿನ ಸಂಜೆ ಎಲ್ಲರಿಗಿಂತ ಮುಂದೆ ಕೂತು ಎಲ್ಲರಿಗಿಂತ ಜೋರಾಗಿ ಅತ್ತವರು ಅವರೇ. ಬಂದವರೇ ಕಿರಿಯನ ಮಣಿಕಟ್ಟು ಹಿಡಿದು ನಾಡಿ ನೋಡಿದರು, ರೆಪ್ಪೆ ಎಳೆದು ಕಣ್ಣು ನೋಡಿದರು. ಅಷ್ಟರಲ್ಲಿ ಚಕ್ರ ತನ್ನ ಪಾಡಿಗೆ ತಿರುಗಿ, ಲೆನ್ಸು ಸವೆದು ಅಂಗಿಯ ಗುಂಡಿಯಷ್ಟಾಯಿತು. ರೋಗ ಇನ್ನೂ ಒಳಗೇ ಇದೆ ಎಂದು ಕಾಂಪೌಂಡರ್ ತೀರ್ಪು ಕೊಟ್ಟರು. ಲೆನ್ಸಿಗಾಗಿ ಬೈಯಲು ಬಂದ ಅಂಗಡಿಯ ಧಣಿ ಆ ಮಾತು ಕೇಳಿ ಮೆತ್ತಗಾಗಿ, ಕೈ ಮುಗಿದು, ವಾಸಿಯಾಗುವ ತನಕ ಕೆಲಸಕ್ಕೆ ಬರಲೇಬೇಡ ಎಂದು ಮನೆಗೆ ಕಳಿಸಿಬಿಟ್ಟರು.

ಮನೆಯಲ್ಲಿ ಬೀದಿಯ ಅರ್ಧ ಜನ ಸೇರಿದ್ದರು. ಅತ್ತಿಗೆಯರಿಬ್ಬರೂ ಅವನ ಹೆಂಡತಿಯನ್ನು ನಡುವೆ ಕೂರಿಸಿಕೊಂಡು, ಅವಳು ಬಾಯಿ ತೆರೆದಾಗಲೆಲ್ಲ ತಬ್ಬಿಕೊಂಡು ಸಮಾಧಾನ ಮಾಡುತ್ತಿದ್ದರು. ಕಿಟಕಿಯಾಚೆ ಬಿಸಿಲು ಇಳಿಯುತ್ತಿತ್ತು. ಇನ್ನು ಸುಮ್ಮನಿದ್ದರೆ ಮನೆ ಕೈತಪ್ಪುತ್ತದೆ ಅನ್ನಿಸಿ ಕಿರಿಯ ಎದ್ದು ನಿಂತ.

"ನಂಗೆ ಕಾಯಿಲೆ ಇಲ್ಲ. ನಂಗೆ ಬೇಕಾಗಿರೋದು ಒಂದು ಬಾಗಿಲು. ಚಿಲಕ ಇರೋ ಬಾಗಿಲು."

ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು; ಇಷ್ಟು ಪ್ರೀತಿಯ ಜನಕ್ಕೆ ಇಂಥ ಮಾತು ಆಡಿದೆನಲ್ಲ ಅಂತ ಸಂಕಟವೂ ಆಯಿತು. ಅಷ್ಟು ಹೊತ್ತೂ ಮೂಲೆಯಲ್ಲಿ ಕೂತಿದ್ದ ಅಪ್ಪ ಎದ್ದು ಎಲ್ಲರನ್ನೂ ಜಗಲಿಗೆ ಕಳಿಸಿ, ಬಾಗಿಲು ಹಾಕಿ, ಮಗನ ಹತ್ತಿರ ಬಂದರು.

"ಆ ಮನೇಲಿ ಬಚ್ಚಲು ಬೇರೆ ಇದೆಯಾ?"

"ಇದೆ ಅಪ್ಪ. ಒಳಗಡೆನೇ."

ಅಪ್ಪ ನಿಟ್ಟುಸಿರು ಬಿಟ್ಟರು. "ನಮ್ಮಪ್ಪನ ಹತ್ರ ಈ ಮಾತು ಹೇಳ್ಬೇಕು ಅಂತ ಅವರು ಇರೋವರೆಗೂ ಒದ್ದಾಡ್ದೆ. ಆಮೇಲೆ ನಾನೇ ಯಜಮಾನ ಆಗ್ಬಿಟ್ಟೆ, ಹೇಳೋಕೆ ಯಾರೂ ಇರ್ಲಿಲ್ಲ. ಸಿನಿಮಾದವರು ಕೂಡಿ ಬಾಳಿ ಅಂತಾರೆ. ಅವರ ಮನೇಲಿ ಒಬ್ಬೊಬ್ಬರಿಗೆ ಒಂದೊಂದು ರೂಮು. ಹಂಗಿದ್ರೆ ಯಾರು ಬೇಕಾದ್ರೂ ಬಾಳ್ತಾರೆ. ಮಾಲೀಕನಿಗೆ ಫೋನ್ ಮಾಡಿ ಹೂಂ ಅನ್ನು."

ಇಂಥ ಅಪ್ಪನಿಗೆ ಇಷ್ಟು ದಿನ ಹೆದರಿದೆನಲ್ಲ ಎಂದು ಕಿರಿಯನಿಗೆ ಅನ್ನಿಸಿತು. ಅಲ್ಲೇ ನಿಂತು ಫೋನ್ ಮಾಡಿದ. ಮನೆ ಸಿಕ್ಕಿತು.

ಅಪ್ಪ ಬಾಗಿಲು ತೆಗೆದು ಜಗಲಿಯ ಕಡೆ ತಿರುಗಿದರು. "ಕೇಳ್ರಪ್ಪ. ಅಪ್ಪ ಅಮ್ಮ ಕೊನೆಗಾಲದಲ್ಲಾದ್ರೂ ಆರಾಮಾಗಿರ್ಲಿ ಅಂತ ಕಿರಿಯ ನಮ್ಮಿಬ್ಬರಿಗೆ ಒಂದು ಮನೆ ನೋಡಿದಾನೆ. ಈಗ್ಲೇ ಹೊರಡ್ತಿದೀವಿ. ಇನ್ಮೇಲೆ ಈ ಮನೆ ಜವಾಬ್ದಾರಿ ನಂದು ಅಂತ ತಾನೇ ಕೇಳ್ಕೊಂಡ."

ಕಿರಿಯ ಬಾಯಿ ತೆರೆದ. ಅಷ್ಟರಲ್ಲಿ ದೊಡ್ಡಣ್ಣ ಓಡಿಬಂದು ತಬ್ಬಿಕೊಂಡದ್ದರಿಂದ ಮಾತು ಹೊರಬರಲಿಲ್ಲ. ಹಿರಿಯನಾದ ತನಗಿಂತ ದೊಡ್ಡ ಗುಣ ತಮ್ಮನದ್ದು, ಯಜಮಾನಿಕೆ ಅವನಿಗೇ ಸಲ್ಲಬೇಕು ಎಂದು ದೊಡ್ಡಣ್ಣ ಬಿಕ್ಕಿದ. ಇದು ಸಿನಿಮಾಕ್ಕಿಂತ ಚೆನ್ನಾಗಿದೆ ಎಂದು ಕಾಂಪೌಂಡರ್ ಮತ್ತೆ ಅತ್ತರು.

ಯಜಮಾನನ ಜಾಗ ನಡುಮನೆಯ ಮಂಚ, ಯಜಮಾನಿಯ ಜಾಗ ಒಳಕೋಣೆಯಲ್ಲಿ ಅಣ್ಣಂದಿರ ಐದು ಮಕ್ಕಳ ನಡುವೆ. ಅಪ್ಪ ಅಮ್ಮ ಇಷ್ಟು ವರ್ಷ ಮಲಗಿದ್ದೂ ಹಾಗೆಯೇ. ಅತ್ತಿಗೆಯರು ಕಿರಿಯನ ಹಾಸಿಗೆಯನ್ನು ಮಂಚಕ್ಕೂ ಅವನ ಹೆಂಡತಿಯದನ್ನು ಒಳಕೋಣೆಗೂ ಸಾಗಿಸಿದರು. ಪರದೆಗಳನ್ನು ಬಿಚ್ಚಿ ಒಗೆಯಲು ಹಾಕಿದರು.

ಅಮ್ಮ ಚೀಲ ಹಿಡಿದು ಹೊರಬಂದರು. ಅಷ್ಟು ಬೇಗ ಅದನ್ನು ಯಾವಾಗ ತುಂಬಿದ್ದರೋ. ಕಿರಿಸೊಸೆಯ ಕೈಗೆ ಬೀಗದ ಕೈ ಗೊಂಚಲು ಕೊಟ್ಟು, ತಲೆ ಸವರಿ, ಗಂಡನ ಹಿಂದೆ ಲಗುಬಗೆಯಿಂದ ಮೆಟ್ಟಿಲಿಳಿದರು. ಬೀದಿಗೆ ಕಾಲಿಟ್ಟ ಮೇಲೆ ಏನೋ ನೆನಪಾಗಿ ತಿರುಗಿ ನಿಂತರು.

"ಆವಾಗಾವಾಗ ಬರ್ತಾ ಇರಿ. ಆದ್ರೆ ಹೇಳಿ ಬನ್ನಿ."