ಅಪ್ಪನ ದವಡೆ ಹಲ್ಲಿನ ವಿಚಾರಣೆ

ನಮ್ಮ ಮನೆಯ ನೆಮ್ಮದಿ ಎಲ್ಲಿತ್ತು ಎಂದು ಯಾರಾದರೂ ಕೇಳಿದರೆ ನಾನು ತಡವರಿಸದೆ ಹೇಳುತ್ತೇನೆ: ಅಪ್ಪನ ಬಾಯಲ್ಲಿದ್ದ ಮೊಳೆಗಳಲ್ಲಿ.

ಗಾಬರಿಯಾಗಬೇಡಿ. ಅಪ್ಪ ಸೋಫಾ ರಿಪೇರಿ ಮಾಡುವವರು. ಮನೆಯ ಮುಂದಿನ ಕೋಣೆಯೇ ನಮ್ಮ ಕಾರ್ಖಾನೆ. ಶಾಲೆ ಬಿಟ್ಟ ಮೇಲೆ ನಾನೂ ಅಲ್ಲೇ ಕೆಲಸಕ್ಕೆ ಕೂತಿದ್ದೇನೆ. ಹಳೇ ಬಟ್ಟೆ ಬಿಚ್ಚುವುದು, ಹೊಸ ಗವಸು ಹೊಲಿಯುವುದು ನನ್ನ ಪಾಲು. ಸೀಟಿಗೆ ಬಟ್ಟೆ ಬಿಗಿಯುವಾಗ ಒಂದು ಕೈ ಬಟ್ಟೆಯನ್ನು ಎಳೆದು ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಸುತ್ತಿಗೆ. ಮನುಷ್ಯನಿಗೆ ಮೂರನೆಯ ಕೈ ಇಲ್ಲವಾದ್ದರಿಂದ ಅಪ್ಪ ಒಂದು ಹಿಡಿ ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಯ ಮೂತಿಗೆ ಅಂಟಿಸಿ, ಟಕ್! ನಡುವೆ ಸೊಟ್ಟ ಮೊಳೆ ಸಿಕ್ಕರೆ ಎಡ ದವಡೆಯಲ್ಲಿ ಕಚ್ಚಿ ನೆಟ್ಟಗೆ ಮಾಡಿಬಿಡುತ್ತಿದ್ದರು.

ಬಾಯಿ ತುಂಬ ಮೊಳೆ ಇಟ್ಟುಕೊಂಡವರು ಬುದ್ಧಿವಾದ ಹೇಳಲಾರರು. ಅಮ್ಮ ಆ ಶುಭಮುಹೂರ್ತಕ್ಕೆ ಕಾಯುತ್ತಿದ್ದಳು.

"ರೀ, ಗಾಜಿನ ಜಗ್ಗು ಒಡೆದ್ಹೋಯ್ತು."

"ಹ್ಞೂಂ."

"ಹೊಸದು ತಂದೆ."

"ಹ್ಞೂಂ."

"ಚೆನ್ನಾಗಿತ್ತು ಅಂತ ಎರಡು ತಂದೆ."

ಟಕ್!

ನನಗೂ ಅದು ಅನುಕೂಲವೇ. ನಾನು ಮಾತಿನಲ್ಲಿ ಕಡುಬಡವಿ. ಗಿರಾಕಿ ಬಾಗಿಲು ತಟ್ಟಿದರೆ ಬಿಚ್ಚಿಟ್ಟ ಸೋಫಾದ ಹಿಂದೆ ಏನೋ ಹುಡುಕುವವಳಂತೆ ಬಗ್ಗಿಬಿಡುತ್ತೇನೆ. ಕೆಲಸದ ಹೊತ್ತಿನಲ್ಲಿ ಅಪ್ಪ ಏನೂ ಕೇಳುತ್ತಿರಲಿಲ್ಲ, ನಾನು ಏನೂ ಹೇಳಬೇಕಾಗಿರಲಿಲ್ಲ. ಇದಕ್ಕಿಂತ ಒಳ್ಳೆಯ ನೌಕರಿ ಎಲ್ಲಿದೆ?

ಅಂಥ ಸ್ವರ್ಗಕ್ಕೆ ಕಿಚ್ಚು ಹಚ್ಚಿದ್ದು ಅದೇ ಎಡ ದವಡೆಯ ಹಲ್ಲು. ಅದು ನೋಯಲು ಶುರುವಾದದ್ದೇ ಅಪ್ಪ ಮೊಳೆಗಳನ್ನು ತಟ್ಟೆಯಲ್ಲಿಟ್ಟುಕೊಂಡರು. ಬಾಯಿ ಖಾಲಿಯಾಯಿತು. ಎಷ್ಟೋ ವರ್ಷ ಕಟ್ಟೆಯ ಹಿಂದೆ ನಿಂತಿದ್ದ ನೀರು ಒಮ್ಮೆಲೇ ನುಗ್ಗಿತು! ಬಟ್ಟೆ ಹೇಗೆ ಮಡಚಬೇಕು, ಪಾತ್ರೆ ಯಾವ ಕಡೆಯಿಂದ ಉಜ್ಜಬೇಕು, ಬಾಗಿಲಿನ ಚಿಲಕವನ್ನು ಎಷ್ಟು ಮೆತ್ತಗೆ ಹಾಕಬೇಕು. ಕೊನೆಗೆ ಅಜ್ಜಿಗೆ (ಅಪ್ಪನ ಸ್ವಂತ ತಾಯಿಗೆ) ಕೂತಲ್ಲೇ ತೂಕಡಿಸುವ ಸರಿಯಾದ ವಿಧಾನವನ್ನೂ ಹೇಳಿಕೊಟ್ಟರು.

"ಆ ಹಲ್ಲು ಕೀಳಿಸ್ಕೊಂಡು ಬನ್ನಿ ಅಂದ್ರೆ ಕೇಳಲ್ವಲ್ಲ!" ಅಮ್ಮ ಕೈಮುಗಿದಳು.

"ಹಲ್ಲು ಅಂದ್ರೆ ತರಕಾರಿ ಸಿಪ್ಪೇನೇ, ತೆಗೆದು ಎಸೆಯೋಕೆ? ಕೀಳಲೇಬೇಕು ಅಂತ ರುಜುವಾತು ಮಾಡಿ. ಆಮೇಲೆ ಬರ್ತೀನಿ."

ನಾನು ಕತ್ತರಿ ಕೆಳಗಿಟ್ಟೆ. ರುಜುವಾತು ತಾನೇ? ನನಗೆ ಮಾತು ಬಾರದಿರಬಹುದು, ಆದರೆ ಒಂದು ಕೆಲಸ ಹಿಡಿದರೆ ದಾರದ ಎಳೆಯಷ್ಟೂ ತಪ್ಪಬಾರದು ಎಂಬ ಹಟವಿದೆ. ನನ್ನ ಜೀವನದ ಮೊದಲ ಸಂಶೋಧನೆ ಹೀಗೆ ಆರಂಭವಾಯಿತು.

ಮೊದಲು ಅಜ್ಜಿಯನ್ನು ಕೇಳಿದೆ. ಬಾಯಲ್ಲಿ ಒಂದು ಹಲ್ಲೂ ಉಳಿಯದವಳಿಗಿಂತ ದೊಡ್ಡ ತಜ್ಞೆ ಯಾರು?

"ಅಲ್ಲಾಡಿದ್ರೆ ಕಾಯ್ಬೇಕು, ಬಿದ್ರೆ ಗುಡಿಸ್ಬೇಕು. ಇದಕ್ಕೆಲ್ಲ ಓದು ಬೇಕೇನೇ ಪುಟ್ಟಿ?" ಎಂದಳು.

ಮೂಲೆಯ ಔಷಧಿ ಅಂಗಡಿಯವರನ್ನು ಕೇಳಲು ಹೋಗಿ, ಬಾಯಿ ಬಾರದೆ ನನಗೆ ಬೇಡದ ಒಂದು ಬ್ಯಾಂಡೇಜು ಕೊಂಡುಬಂದೆ. ಮರುದಿನ ಅಮ್ಮನನ್ನೇ ಕಳಿಸಿದೆ. ಅಮ್ಮ ವರದಿ ತಂದಳು: ತಣ್ಣೀರು ತಾಗಿದರೆ ಜುಮ್ಮೆನ್ನುವುದು, ತಟ್ಟಿದರೆ ನೋಯುವುದು, ನಿದ್ದೆ ಕೆಡಿಸುವುದು, ದವಡೆ ಊದುವುದು. "ಇಷ್ಟೂ ಇದ್ರೆ ಕೀಳೋದೇ ಗತಿ ಇರ್ಬಹುದು ಅಂದ್ರು" ಎಂದಳು. ("ಇರ್ಬಹುದು" ಎಂಬುದನ್ನು ನಾವಿಬ್ಬರೂ ಅಲ್ಲೇ ಮರೆತೆವು.)

ಚಹಾದ ಬೆನ್ನಿಗೆ ತಣ್ಣೀರು ಕೊಟ್ಟೆ. ಅಪ್ಪ ಕೂಗಿದ ರಭಸಕ್ಕೆ ಅಜ್ಜಿ ಸರಿಯಾದ ವಿಧಾನದ ತೂಕಡಿಕೆಯಿಂದಲೇ ಎದ್ದು ಕೂತಳು. ಅಮ್ಮ ನನ್ನತ್ತ ನೋಡಿ ಕಣ್ಣು ಮಿಟುಕಿಸಿದಳು. ಒಂದು ಸಾಕ್ಷಿ ಸಿಕ್ಕಿತು! ಅಪ್ಪ ಬಾಯಿ ತೆರೆದು ಆಕಳಿಸುವಾಗ ಚಮಚದ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ಅವರು ಹಾರಿದ್ದು ಎಷ್ಟು ಎತ್ತರ ಎಂದರೆ ಸೀಟಿನ ಸ್ಪ್ರಿಂಗುಗಳಿಗೂ ನಾಚಿಕೆಯಾಗಿರಬೇಕು. ಎರಡನೆಯ ಸಾಕ್ಷಿ!

"ಅಪ್ಪನ ಮೇಲೆ ಕೈ ಮಾಡ್ತೀಯೇನೇ?"

"ಚಮಚ ಅಪ್ಪಾ," ಎಂದೆ ತಗ್ಗಿದ ದನಿಯಲ್ಲಿ.

ನಿದ್ದೆಗೇಡಿಗೆ ಅಪ್ಪ ರಾತ್ರಿಯಿಡೀ ಹೊರಳಾಡುವ ಸದ್ದೇ ಮೂರನೆಯ ಸಾಕ್ಷಿ. ಊತಕ್ಕಾಗಿ ದಿನಾ ಬೆಳಿಗ್ಗೆ ಟೇಪು ಹಿಡಿದು ಕಿವಿಯಿಂದ ಗಲ್ಲದವರೆಗೆ ಎರಡೂ ಕಡೆ ಅಳೆಯುತ್ತಿದ್ದೆ. ಎಡಬಲ ಸಮ, ಸಮ, ಸಮ. ಅಮ್ಮನ ಮುಖ ಬಾಡುತ್ತಿತ್ತು. ಒಂದು ಬೆಳಿಗ್ಗೆ ಟೇಪು ಎಡಗಡೆ ಅರ್ಧ ಬೆರಳು ಹೆಚ್ಚು ತೋರಿಸಿತು.

"ಅಮ್ಮಾ, ಊದಿದೆ! ಊದಿದೆ!" ಎಂದು ಅಡುಗೆಮನೆಗೆ ಓಡಿದೆ.

"ನಿಜವಾಗ್ಲೂ? ನನ್ನ ಬಂಗಾರ!" ಅಮ್ಮ ಒದ್ದೆ ಕೈಯಲ್ಲೇ ನನ್ನನ್ನು ತಬ್ಬಿಕೊಂಡಳು. (ಹೊರಗಿನವರು ನೋಡಿದ್ದರೆ ಏನೆಂದುಕೊಳ್ಳುತ್ತಿದ್ದರೋ!) ಅಪ್ಪ ಕನ್ನಡಿ ಮುಂದೆ ನಿಂತು ಕೆನ್ನೆ ಸವರಿಕೊಂಡು, "ಎಡಗಡೆ ಮಗ್ಗುಲಾಗಿ ಮಲಗಿದ್ದೆ, ಅದಕ್ಕೇ," ಎಂದರು. ಯಾರೂ ಕಿವಿಗೊಡಲಿಲ್ಲ. ಅಜ್ಜಿಯೂ ಸೇರಿ ನಮ್ಮ ದಂಡು ಹೊರಟಿತು.

ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಆ ದೊಡ್ಡ ಕುರ್ಚಿಯಲ್ಲಿ ಅಪ್ಪ ಮಲಗಿದಾಗ ಅವರ ಕಾಲ್ಬೆರಳುಗಳು ಚಪ್ಪಲಿಯೊಳಗೆ ಮುದುಡಿದ್ದವು. ನನಗೆ ಅಯ್ಯೋ ಅನ್ನಿಸಿತು. ಆದರೂ ಕರಗಲಿಲ್ಲ.

"ಏನಾಗಿದೆ?" ಡಾಕ್ಟರು ಕೇಳಿದರು.

"ಎಲ್ಲ ನನ್ನ ಮಗಳಿಗೇ ಗೊತ್ತು. ಅವಳನ್ನೇ ಕೇಳಿ," ಎಂದರು ಅಪ್ಪ. ನನ್ನ ಬಾಯಿಂದ ಮಾತು ಹೊರಡುವುದಿಲ್ಲ, ಕೇಸು ಬಿದ್ದುಹೋಗುತ್ತದೆ ಎಂದು ಅವರ ಲೆಕ್ಕ.

ಎಲ್ಲರೂ ನನ್ನತ್ತ ತಿರುಗಿದರು. ಅಮ್ಮ ಬೆನ್ನಿಗೆ ತಿವಿದಳು. ಆಗ ಏನಾಯಿತೋ, ಬಾಯಿಂದ ಮಾತು ಹೊರಟೇಬಿಟ್ಟಿತು! ತಣ್ಣೀರು, ಚಮಚ, ನಿದ್ದೆಗೇಡು, ಟೇಪು, ಇವತ್ತಿನ ಊತ. ಒಂದನ್ನೂ ಬಿಡದೆ ಕ್ರಮವಾಗಿ ಮಂಡಿಸಿದೆ. "ಆದ್ದರಿಂದ ಕೀಳಲೇಬೇಕು ಡಾಕ್ಟ್ರೇ," ಎಂದು ಮುಗಿಸಿದಾಗ ನನ್ನ ಕಿವಿ ಎರಡೂ ಬಿಸಿಯಾಗಿದ್ದವು. ಅಜ್ಜಿ ಚಪ್ಪಾಳೆ ತಟ್ಟಿದಳು.

ಡಾಕ್ಟರು ಅಲ್ಲಾಡಿಸಿ ನೋಡಿದರು, ಎಕ್ಸ್‌ರೇ ತೆಗೆದರು.

"ಎಷ್ಟು ಚೆನ್ನಾಗಿ ಹೇಳಿದೆಯಮ್ಮ! ಆದ್ರೆ ಕೀಳೋದು ಬೇಡ. ಬಿರುಕು ಮೇಲಷ್ಟೇ ಇದೆ. ಬೇರು ಗಟ್ಟಿ, ಸುತ್ತಲಿನ ಮೂಳೆ ಗಟ್ಟಿ. ಒಳಗಿನ ಕೀವು ತೆಗೆದು, ಬೇರು ಶುಚಿ ಮಾಡಿ ಕ್ಯಾಪ್ ಹಾಕಿದ್ರೆ ಆಯ್ತು. ಬಿರುಕು ಬೇರಿಗಿಳಿದಿದ್ರೆ, ಹಿಡಿದಿರೋ ಮೂಳೆ ಕರಗಿದ್ರೆ, ಕ್ಯಾಪ್ ಕೂರಿಸೋಕೆ ಹಲ್ಲೇ ಉಳಿಯದಿದ್ರೆ ಆಗ ಕೀಳ್ತೀವಿ. ನೋವು ಎಷ್ಟಿದೆ ಅನ್ನೋದರ ಮೇಲೆ ಅಲ್ಲ."

ಅಪ್ಪ ಮಲಗಿದಲ್ಲೇ ಗೆದ್ದ ಮಲ್ಲನಂತೆ ನಕ್ಕರು. ಇರಲಿ ಎಂದುಕೊಂಡೆ. ಕಿತ್ತರೇನು, ರಿಪೇರಿಯಾದರೇನು? ನೋವು ಹೋದರೆ ಮೊಳೆ ಬಾಯಿಗೆ ವಾಪಸು, ನಮಗೆ ನೆಮ್ಮದಿ ವಾಪಸು!

"ಅಲ್ಲಾ, ಇಷ್ಟು ಗಟ್ಟಿ ಹಲ್ಲು ಬಿರುಕು ಬಿಟ್ಟದ್ದು ಹೇಗೆ? ಏನನ್ನ ಕಚ್ತೀರಿ?"

ಅಪ್ಪ ಕಣ್ಣು ಮುಚ್ಚಿಕೊಂಡರು. ಅಮ್ಮ ಸೆರಗು ಸರಿಮಾಡಿಕೊಂಡಳು. ಅಜ್ಜಿ ಕೂಡ ಗೋಡೆಯ ಮೇಲಿನ ಹಲ್ಲಿನ ಚಿತ್ರ ನೋಡತೊಡಗಿದಳು. ಆದರೆ ನನಗೆ ಆಗಷ್ಟೇ ಬಾಯಿ ಬಂದಿತ್ತು. ಹೊಸ ಸೈಕಲ್ಲು ಸಿಕ್ಕ ಮಗುವಿಗೆ ಬ್ರೇಕು ನೆನಪಾಗುತ್ತದೆಯೇ?

"ಮೊಳೆ ಡಾಕ್ಟ್ರೇ! ಬಾಯಿ ತುಂಬ ಇಟ್ಕೋತಾರೆ. ಸೊಟ್ಟ ಇರೋದನ್ನ ಇದೇ ಹಲ್ಲಲ್ಲಿ ಕಚ್ಚಿ ನೆಟ್ಟಗೆ ಮಾಡ್ತಾರೆ!"

ಡಾಕ್ಟರು ಕೈಲಿದ್ದ ಕನ್ನಡಿಯನ್ನು ಕೆಳಗಿಟ್ಟರು. "ಮೊಳೆ ಕಚ್ಚೋದು ಇವತ್ತಿಗೆ ಮುಗೀತು. ಇನ್ನು ಈ ಬಾಯಿಗೆ ಒಂದೇ ಒಂದು ಮೊಳೆ ಹೋಗ್ಬಾರದು. ಜೀವಮಾನದಲ್ಲಿ!"

ಅಮ್ಮ ನನ್ನ ತೋಳು ಚಿವುಟಿದ ಜಾಗ ಇನ್ನೂ ನೀಲಿಯಾಗಿದೆ.

ಮನೆಗೆ ಬರುವಾಗ, ಬೇರು ಶುಚಿ ಮಾಡಲು ಕೊಟ್ಟಿದ್ದ ಜೋಮಿನ ಇಂಜೆಕ್ಷನ್ನಿನಿಂದ ಅಪ್ಪನ ತುಟಿ ಆಡುತ್ತಿರಲಿಲ್ಲ. "ಈ ಇಂಜೆಕ್ಷನ್ ದಿನಾ ಕೊಡ್ತಾರೇನೇ?" ಎಂದು ಅಮ್ಮ ಆಸೆಯಿಂದ ಕೇಳಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. "ಹುಟ್ಟಿದಾಗಿನಿಂದ ಬಾಯಿ ಬಿಡದ ಮಹಾರಾಯಿತಿ, ಬಿಟ್ಟಿದ್ದು ಇವತ್ತೇ ಏನೇ?" ಎಂದು ಸಿಡುಕಿದಳು.

ಜೋಮು ಇಳಿಯಿತು. ಕೆಲವು ದಿನಗಳಲ್ಲಿ ಕ್ಯಾಪೂ ಬಂತು. ಈಗ ಅಪ್ಪನಿಗೆ ನೋವಿಲ್ಲ, ಬಾಯಲ್ಲಿ ಮೊಳೆಯೂ ಇಲ್ಲ. ಇಡೀ ದಿನ ಸುತ್ತಿಗೆಗಿಂತ ನಾಲಿಗೆಯದೇ ಸದ್ದು. ಅವರಿಗೆ ಹೇಳಿಕೊಳ್ಳಲು ಒಂದು ಹೊಸ ಹೆಮ್ಮೆಯೂ ಸಿಕ್ಕಿದೆ: ನಾನು! ಸೋಫಾ ತಂದವರಿಗೆಲ್ಲ ಟೇಪಿನ ಕಥೆ, ಚಮಚದ ಕಥೆ. "ಡಾಕ್ಟರೇ ಬೆರಗಾದ್ರು ಸ್ವಾಮಿ. ಹಲ್ಲು ಕೀಳಿಸ್ಬೇಕೋ ಬೇಡ್ವೋ ಅಂತ ಅನುಮಾನ ಇದ್ರೆ ನಮ್ಮ ಮಗಳನ್ನ ಕೇಳಿ!"

ನಿನ್ನೆ ಒಬ್ಬರು ದಪ್ಪ ಹೆಂಗಸು ಹರಿದ ಕುರ್ಚಿ ಹೊರಿಸಿಕೊಂಡು ಬಂದರು. ನಾನು ಎಂದಿನಂತೆ ಸೋಫಾದ ಹಿಂದೆ ಬಗ್ಗಿದೆ. ಅವರು ಕುರ್ಚಿಯನ್ನು ಬಾಗಿಲಲ್ಲೇ ಬಿಟ್ಟು, ಸುತ್ತಿ ಬಂದು, ನನ್ನ ಎದುರು ಮೊಣಕಾಲೂರಿ ಕೂತು, ಬಾಯಿ ಅಗಲಿಸಿದರು. ಬಾಗಿಲಲ್ಲಿ ಇನ್ನಿಬ್ಬರು ಕೆನ್ನೆ ಹಿಡಿದುಕೊಂಡು ನಿಂತಿದ್ದರು.

"ಡಾಕ್ಟರ ಹತ್ರ ಹೋಗಿ," ಎಂದೆ ನೆಲ ನೋಡುತ್ತಾ.

"ಹಾಗೆ ಒಂದೇ ಮಾತಲ್ಲಿ ಮುಗಿಸ್ಬಾರದು ಮಗಳೇ," ಎಂದರು ಅಪ್ಪ, ಸುತ್ತಿಗೆ ಕೆಳಗಿಟ್ಟು, ನನಗೆ ಎಲ್ಲರ ಎದುರಿಗೆ ಬರುವಂತೆ ಒಂದು ಸ್ಟೂಲು ಹಾಕುತ್ತಾ. "ವಿವರವಾಗಿ ಹೇಳು."