ನಾಲ್ಕು ತಾಲ್ಲೂಕು ಸೇರಿ ತಿದ್ದಿದ ದೊಡ್ಡಮ್ಮ

"ನನ್ನಲ್ಲಿ ತಪ್ಪಿದ್ದರೆ ಸಂಕೋಚವಿಲ್ಲದೆ ಹೇಳಿ" ಎನ್ನುವವರನ್ನು ದಯವಿಟ್ಟು ನಂಬಬೇಡಿ. ನಾನೂ ಹಾಗೆ ಹೇಳುವವರ ಪೈಕಿಯವನೇ, ಆದ್ದರಿಂದ ಇದು ಅನುಭವದ ಮಾತು. ಹಾಗೆ ಹೇಳುವಾಗ ನಾವು ಕಾಯುತ್ತಿರುವುದು "ಎಷ್ಟು ಹುಡುಕಿದರೂ ಒಂದು ತಪ್ಪೂ ಸಿಗಲಿಲ್ಲ ಸ್ವಾಮಿ" ಎಂಬ ಉತ್ತರಕ್ಕೆ. ಯಾರಾದರೂ ನಿಜವಾಗಿಯೇ ಒಂದು ತಪ್ಪು ತೋರಿಸಿಬಿಟ್ಟರೆ ಮುಖದ ಮೇಲಿನ ನಗು ಹಾಗೆಯೇ ಇರುತ್ತದೆ. ಆದರೆ ಆ ಮನುಷ್ಯನ ಮನೆಯ ಗೃಹಪ್ರವೇಶದ ದಿನ ಮಾತ್ರ ನಮಗೆ ಬಿಡುವಾಗುವುದಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಅಡುಗೆಯ ಬಗ್ಗೆ ಇದೇ ಮಾತು ಹೇಳಿದ್ದಳು. ನಾನು ನಂಬಿ, ಸಾರಿಗೆ ಹುಳಿ ತುಸು ಮುಂದಾಯಿತು ಎಂದೆ. ಆ ಸಾರು ಇವತ್ತಿನವರೆಗೂ ನಮ್ಮ ಮನೆಯಲ್ಲಿ ಮತ್ತೆ ಆಗಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾನು ಹೋಗಿ ಫೋಟೋ ತೆಗೆಯುವವರ ಗುಂಪಿಗೆ ಸೇರಿಕೊಂಡೆ. ಕೋಲಾರದ ಕಾಲೇಜೊಂದರಲ್ಲಿ ಲೈಬ್ರರಿ ನೋಡಿಕೊಳ್ಳುವವನು ನಾನು. ವಿದ್ಯಾರ್ಥಿಗಳು ಪುಸ್ತಕ ಕೇಳುವುದನ್ನು ಬಿಟ್ಟ ಮೇಲೆ ಬಿಡುವು ಹೆಚ್ಚಾಯಿತು, ಬಿಡುವು ಹೆಚ್ಚಾದ ಮೇಲೆ ಕ್ಯಾಮೆರಾ ಬಂತು, ಕ್ಯಾಮೆರಾ ಬಂದ ಮೇಲೆ ತಲೆಗೊಂದು ಟೋಪಿ ಬಂತು. ಟೋಪಿ ಹಾಕಿಕೊಂಡರೆ ಬಿಸಿಲು ತಾಗುವುದಿಲ್ಲ ಎಂದು ಹೆಂಡತಿಗೆ ಹೇಳಿದ್ದೇನೆ. ನಿಜವಾದ ಕಾರಣ ತಲೆಯ ಮೇಲೆ ಉಳಿದಿರುವ ಕೂದಲಿನ ಸಂಖ್ಯೆ.

ನಮ್ಮದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕಿನ ಕ್ಯಾಮೆರಾ ಹುಚ್ಚಿನವರು ಸೇರಿ ಮಾಡಿಕೊಂಡ ವಾಟ್ಸಾಪ್ ಗುಂಪು. ಪ್ರತಿ ಭಾನುವಾರ ಸರದಿಯ ಪ್ರಕಾರ ಒಬ್ಬರು ಒಂದು ಫೋಟೋ ಹಾಕಬೇಕು. ಉಳಿದವರು ಅದರ ಗುಣದೋಷ ಹೇಳಬೇಕು. ಫೋಟೋ ತೆಗೆದವನು ಎಲ್ಲರ ಮಾತು ಮುಗಿಯುವ ತನಕ ತುಟಿ ಪಿಟಕ್ಕೆನ್ನಬಾರದು. ಬರಿ ಹೆಬ್ಬೆರಳು ತೋರಿಸುವುದು, "ಸೂಪರ್" ಎನ್ನುವುದು ನಿಷಿದ್ಧ. ಹಾಗೆ ಅಂದವರು ಮುಂದಿನ ಸಲ ಸೇರಿದಾಗ ಎಲ್ಲರಿಗೂ ಟೀ ಕುಡಿಸಬೇಕು. ಮುಳಬಾಗಿಲಿನ ಸ್ಟುಡಿಯೋ ಚಲಪತಿ ಒಮ್ಮೆ ಚೆನ್ನಾಗಿದೆ ಎನ್ನುವುದನ್ನೇ ತೆಲುಗಿನಲ್ಲಿ "ಬಾಗುಂದಿ ಸಾರ್" ಎಂದು ಬರೆದು ಸಿಕ್ಕಿಬಿದ್ದ. "ನಿಯಮದಲ್ಲಿ ತೆಲುಗಿನ ಮಾತೇ ಇಲ್ವಲ್ಲಾ ಸಾರ್" ಎಂದು ವಾದ ಮಾಡಿದ. ವಾದ ಮಾಡಿದ್ದಕ್ಕೆ ಟೀ ಜೊತೆಗೆ ವಡೆಯೂ ಸೇರಿತು.

ಈ ಗುಂಪಿನಲ್ಲಿ ನಾವು ಪಟ್ಟ ಪಾಡು ಕಡಿಮೆಯದಲ್ಲ. ಒಂದು ಬೆಳಿಗ್ಗೆ ಹನ್ನೆರಡು ಜನ ದೇವರಾಯಸಮುದ್ರದ ಕೆರೆಗೆ ಹೋದೆವು. ಇದ್ದದ್ದು ಒಂದೇ ಬೆಳ್ಳಕ್ಕಿ. ಹನ್ನೆರಡು ಜನವೂ ಅದನ್ನೇ ತೆಗೆದರು. ಆಮೇಲೆ ಮೂರು ತಿಂಗಳು ಪ್ರತಿ ಭಾನುವಾರ ಅದೇ ಬೆಳ್ಳಕ್ಕಿಯ ಗುಣದೋಷ ವಿಚಾರಣೆ ನಡೆಯಿತು. ಮಾಲೂರಿನ ಡಾಕ್ಟರು ಪ್ರತಿಯೊಂದಕ್ಕೂ "ಕೊಕ್ಕಿನ ಪಕ್ಕದ ಜೊಂಡು ತೆಗೆದುಹಾಕಿ" ಎಂದರು. ಅವರು ಹಲ್ಲಿನ ಡಾಕ್ಟರು; ಏನೇ ತೊಂದರೆಯಿದ್ದರೂ ಕಿತ್ತುಹಾಕುವುದೇ ಅವರ ಪರಿಹಾರ. ಶ್ರೀನಿವಾಸಪುರದ ರೆಡ್ಡಿಯವರದು ಮಾವಿನ ಮಂಡಿ. ವರ್ಷವೆಲ್ಲ ಹಳದಿ, ಕೆಂಪು, ಹಸಿರು ನೋಡಿ ನೋಡಿ ಸಾಕಾಗಿಯೋ ಏನೋ, ಅವರಿಗೆ ಕಪ್ಪುಬಿಳುಪು ಬಿಟ್ಟರೆ ಬೇರೇನೂ ಹಿಡಿಸುವುದಿಲ್ಲ. ನಾನಂತೂ ಎಲ್ಲದಕ್ಕೂ "ಭಾವ ಸಾಲದು" ಎನ್ನುತ್ತಿದ್ದೆ. ಈ ಮಾತಿಗೆ ಅರ್ಥವೇನೆಂದು ಯಾರೂ ಕೇಳದ ಕಾರಣ ಗುಂಪಿನಲ್ಲಿ ನನ್ನ ಮೇಲೆ ಒಂದು ಗೌರವವಿತ್ತು.

ಹೀಗಿರುವಾಗ ನನ್ನ ಸರದಿ ಬಂತು. ನಾನು ಹಾಕಿದ್ದು ದೊಡ್ಡಮ್ಮನ ಫೋಟೋ.

ದೊಡ್ಡಮ್ಮ ಇರುವುದು ಕ್ಯಾಲನೂರಿನಲ್ಲಿ. ಹೈಸ್ಕೂಲಿನ ಮೂರು ವರ್ಷ ನಾನು ಅವಳ ಮನೆಯಲ್ಲಿದ್ದು ಓದಿದವನು. ನನ್ನ ಮೈಮೇಲಿನ ಮಾಂಸದಲ್ಲಿ ಅರ್ಧಕ್ಕಿಂತ ಹೆಚ್ಚು ಅವಳ ಮುದ್ದೆಯದು. ಈಗಲೂ ಭಾನುವಾರದ ಬಸ್ಸಿನಲ್ಲಿ ಅವಳು ಸೊಪ್ಪೋ ಅವರೆಕಾಯೋ ಹಸು ಕರು ಹಾಕಿದ್ದರೆ ಗಿಣ್ಣುಹಾಲೋ ಕಳಿಸುತ್ತಾಳೆ. ನಾಲ್ಕು ಸೀಮೆಹಸು, ತಾರಸಿ ಮನೆ, ಹಾಲು ಕರೆಯುವ ಮಿಷನ್ನು, ಜೊತೆಗೆ ಎಂಬತ್ತರ ಹತ್ತಿರ ಬಂದರೂ ದಿನಾ ಬೈಕಿನಲ್ಲಿ ಡೈರಿಗೆ ಹಾಲು ಹಾಕಿ ಬರುವ ದೊಡ್ಡಪ್ಪ. ಊರಿನಲ್ಲಿ ಅವಳಿಗೆ ಯಾವುದಕ್ಕೂ ಕಡಿಮೆಯಿಲ್ಲ. ಒಂದು ಮಧ್ಯಾಹ್ನ ಅವಳು ಊಟ ಮುಗಿಸಿ ಕೊಟ್ಟಿಗೆಯ ಮುಂದಿನ ಕಟ್ಟೆಯ ಮೇಲೆ ಕೂತು, ಕೆನ್ನೆಗೆ ಕೈ ಕೊಟ್ಟು ತೂಕಡಿಸುತ್ತಿದ್ದಳು. ಹಣೆಯಲ್ಲಿ ಅಗಲವಾದ ಕುಂಕುಮ, ಕಿವಿಯಲ್ಲಿ ಏಳು ಹರಳಿನ ಓಲೆ. ನಾನು ಫೋಟೋ ಹೊಡೆದೆ.

ಗುಂಪಿಗೆ ಹಾಕಿದ ಐದೇ ನಿಮಿಷಕ್ಕೆ ಡಾಕ್ಟರು ಬಂದರು. ಹಿಂದಿನ ಹಸುಗಳು ಗಮನ ಸೆಳೆಯುತ್ತವೆ, ತೆಗೆದುಹಾಕಿ ಎಂದರು. ತೆಗೆದೆ. ಬೈಕು, ಹಾಲಿನ ಕ್ಯಾನು, ಗಿಳಿಹಸಿರು ಬಣ್ಣದ ಗೋಡೆ? ಅವನ್ನೂ ತೆಗೆದೆ. ರೆಡ್ಡಿಯವರು "ಬಣ್ಣ ಯಾಕೆ ಸಾರ್, ಮುಖದಲ್ಲೇ ಎಲ್ಲಾ ಐತಲ್ಲ" ಎಂದರು. ಕಪ್ಪುಬಿಳುಪು ಮಾಡಿದೆ. ಕುಂಕುಮ ಹಣೆಯ ಬಣ್ಣದಲ್ಲೇ ಕರಗಿಹೋಯಿತು. ಸುಕ್ಕುಗಳು ಇನ್ನಷ್ಟು ಎದ್ದು ಕಾಣಲಿ ಎಂದರು. ಎಬ್ಬಿಸಿದೆ. ಕಿವಿಯ ಹತ್ತಿರ ಏನೋ ಹೊಳೆಯುತ್ತಿದೆ, ಕಣ್ಣು ಅಲ್ಲಿಗೇ ಹೋಗುತ್ತದೆ ಎಂದರು ಡಾಕ್ಟರು. ಆ ಹೊಳಪನ್ನೂ ಆರಿಸಿದೆ. ಪ್ರತಿ ಸಲ ತಿದ್ದಿ ಹಾಕಿದಾಗಲೂ ಗುಂಪು "ಈಗ ಸರಿದಾರಿಗೆ ಬಂತು" ಎನ್ನುತ್ತಿತ್ತು. ನನಗೂ ತಲೆ ತಿರುಗಿತ್ತು, ನಿಜ ಹೇಳಬೇಕೆಂದರೆ. ನನ್ನ ಫೋಟೋದ ಬಗ್ಗೆ ಅಷ್ಟು ಜನ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಕೊನೆಗೆ ಹೆಸರೊಂದು ಬೇಕಲ್ಲ ಎಂದಾಗ, ಭಾವದ ಅಧಿಕಾರ ನನ್ನದೇ ಆದ್ದರಿಂದ, ನಾನೇ ಹೆಸರಿಟ್ಟೆ: "ಹಸಿವು".

ಚಲಪತಿ ಒಬ್ಬ ಮಾತ್ರ ತಕರಾರು ತೆಗೆದ. "ಸಾರ್, ಅಮ್ಮನೋರ ಓಲೆ ಕಾಣಿಸ್ತಿಲ್ಲ. ಕುಂಕುಮಾನೂ ಇಲ್ಲ. ಯಜಮಾನ್ರು ಇದಾರಲ್ವಾ?" ಎಂದು ಬರೆದ. ನಾವೆಲ್ಲ ನಕ್ಕೆವು. ಪಾಪ, ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಯುವವನು. ಎರಡು ಕಿವಿ, ಒಂದು ಹಣೆ ಕಂಡರೆ ಅವನಿಗೆ ಕಲೆ ಮುಗಿಯಿತು ಎಂದುಕೊಂಡೆವು. "ಭಾವ ನೋಡಿ ಚಲಪತಿ" ಎಂದೆ ನಾನು.

ಅದೇ ತಿಂಗಳು ನಮ್ಮ ಗುಂಪು ಕೋಲಾರದಲ್ಲಿ ಒಂದು ಪುಟ್ಟ ಪ್ರದರ್ಶನ ಇಟ್ಟಿತು. "ಹಸಿವು" ಮೂರಡಿ ಎತ್ತರಕ್ಕೆ ಬೆಳೆದು ಬಾಗಿಲಿನ ಎದುರಿನ ಗೋಡೆಯನ್ನೇ ಹಿಡಿಯಿತು. ನಾನು ಉಬ್ಬಿಹೋಗಿ ದೊಡ್ಡಮ್ಮನಿಗೆ ಫೋನ್ ಮಾಡಿದೆ. "ನಿನ್ನ ಫೋಟೋ ಇಷ್ಟು ದೊಡ್ಡದಾಗಿ ಹಾಕಿದೀವಿ, ಬಂದು ನೋಡು" ಎಂದೆ. ಅವಳು ಅದನ್ನು ಡೈರಿಯ ಸಾಲಿನಲ್ಲಿ ನಿಂತವರಿಗೆಲ್ಲ ಹೇಳಿದಳು. ಭಾನುವಾರ ಬೆಳಿಗ್ಗೆ ಒಂದು ವ್ಯಾನು ಬಂದು ನಿಂತಿತು. ರೇಷ್ಮೆ ಸೀರೆಯುಟ್ಟ ದೊಡ್ಡಮ್ಮ, ಬಿಳಿ ಪಂಚೆಯ ದೊಡ್ಡಪ್ಪ, ಅವರ ಹಿಂದೆ ಹೂ ಮುಡಿದ ಎಂಟು ಜನ ಡೈರಿ ಹೆಂಗಸರು.

ಎಲ್ಲರೂ ಫೋಟೋದ ಮುಂದೆ ನಿಂತರು. ಒಬ್ಬಳು ದೊಡ್ಡಮ್ಮನ ಕಡೆ ತಿರುಗಿ ಮೆಲ್ಲಗೆ "ಲಕ್ಷ್ಮಕ್ಕಾ, ಇದು ನಿಮ್ಮತ್ತೇನಾ?" ಎಂದು ಕೇಳಿದಳು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ಹಣೆ ನೋಡಿದರು, ಕಿವಿ ನೋಡಿದರು, ನನ್ನ ಕಡೆ ತಿರುಗಿದರು.

"ಲೇ ಸೀನ, ನಾನಿನ್ನೂ ಇದೀನಲ್ಲೋ!"

ನಾನು ಬೆಳಕು, ನೆರಳು ಎಂದು ಏನೋ ಹೇಳಲು ಬಾಯಿ ತೆರೆದೆ. ಆಗಲೇ ಯಾವುದೋ ಸೇವಾ ಸಂಘದ ಮೇಡಂ ಒಬ್ಬರು ಒದ್ದೆ ಕಣ್ಣು ಒರೆಸಿಕೊಳ್ಳುತ್ತ ಬಂದು ನನ್ನ ಕೈ ಹಿಡಿದುಕೊಂಡರು. "ಸಾರ್, ಈ ಅಜ್ಜಿ ಯಾವ ಊರಿನೋರು ಹೇಳಿ. ನಮ್ಮ ಸಂಘದಿಂದ ಒಂದು ಮೂಟೆ ಅಕ್ಕಿ ಕಳಿಸ್ತೀವಿ" ಎಂದರು. ಅಜ್ಜಿ ಅವರ ಪಕ್ಕದಲ್ಲೇ ರೇಷ್ಮೆ ಸೀರೆಯಲ್ಲಿ ನಿಂತಿದ್ದಳು.

ದೊಡ್ಡಮ್ಮ ಓದಲು ಬಲ್ಲವಳು. ಫೋಟೋದ ಕೆಳಗಿದ್ದ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿದಳು. "ಹಸಿವಾ?" ಎಂದಳು. "ಅವತ್ತು ಎರಡು ಮುದ್ದೆ ತಿಂದು ಮೂರನೇದಕ್ಕೆ ತಟ್ಟೆ ಚಾಚಿದೋನು ಯಾರೋ? ಉಂಡ ಮನೇನ ಹಿಂಗಾ ತೋರ್ಸೋದು ಊರಿಗೆ?" ಅಷ್ಟು ಹೇಳಿ ವ್ಯಾನು ಹತ್ತಿದಳು. ಡೈರಿ ಹೆಂಗಸರು ಒಬ್ಬೊಬ್ಬರಾಗಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಅವಳ ಹಿಂದೆ ಹೋದರು. ನನ್ನ ನಿದ್ದೆ ಕೆಡಿಸಿದ್ದು ಅವಳ ಬೈಗುಳವಲ್ಲ. ವ್ಯಾನು ಹೊರಡುವಾಗ ಅವಳು ಕಿವಿಯ ಓಲೆಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಫೋಟೋವನ್ನು ಆಗಲೇ ಇಳಿಸಿದೆ. ಆದರೆ ಮುಂದಿನ ಭಾನುವಾರ ಬಸ್ಸಿನಲ್ಲಿ ಏನೂ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಫೋನ್ ಮಾಡಿದರೆ ದೊಡ್ಡಪ್ಪ ಎತ್ತಿಕೊಂಡು "ಅವಳು ಕೊಟ್ಟಿಗೇಲಿದಾಳೆ ಕಣೋ" ಎನ್ನುತ್ತಿದ್ದರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಯಾವಾಗ ಮಾಡಿದರೂ ಅವಳು ಕೊಟ್ಟಿಗೆಯಲ್ಲೇ. ನನ್ನ ಹೆಂಡತಿ "ಸೊಪ್ಪು ಅಂಗಡೀಲೂ ಸಿಗುತ್ತೆ, ದೊಡ್ಡಮ್ಮ ಸಿಗ್ತಾರಾ?" ಎಂದು ಒಂದೇ ಮಾತು ಕೇಳಿದಳು. ನನಗೆ ನಿಜವಾಗಿ ಹೆದರಿಕೆಯಾಯಿತು. ಅಮ್ಮ ಹೋದ ಮೇಲೆ, ದೊಡ್ಡಪ್ಪನನ್ನು ಬಿಟ್ಟರೆ, ನನ್ನನ್ನು ಲೇ ಸೀನ ಎಂದು ಕರೆಯುವವಳು ಅವಳೊಬ್ಬಳೇ ಉಳಿದಿರುವುದು.

ಮೂರನೆಯ ಭಾನುವಾರ ಬೆಳಿಗ್ಗೆಯೇ ಮುಳಬಾಗಿಲಿಗೆ ಹೋಗಿ ಚಲಪತಿಯ ಸ್ಟುಡಿಯೋದಲ್ಲಿ ಕೂತೆ. ನಾನು ಆಗಲೇ ಹೇಳಿರಲಿಲ್ಲವೇ ಎಂದು ಅವನು ಅನ್ನಬಹುದಿತ್ತು. ಅನ್ನಲಿಲ್ಲ. ಅಂದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. "ಇವತ್ತು ಗುಂಪಲ್ಲಿ ನನ್ ಸರದೀನೇ ಸಾರ್. ಹೋಗಿ ಕೂರಿಸಿ ಒಂದು ತೆಗೆಯೋಣ ನಡೀರಿ" ಎಂದು ಸ್ಟ್ಯಾಂಡು ಹೆಗಲಿಗೇರಿಸಿದ.

ಕ್ಯಾಲನೂರಿನಲ್ಲಿ ದೊಡ್ಡಮ್ಮ ಚಲಪತಿಗೆ ಕುರ್ಚಿ ಕೊಟ್ಟಳು, ಕಾಫಿ ಕೊಟ್ಟಳು, ಯಾರ ಕಡೆಯವರು ಎಂದು ವಿಚಾರಿಸಿ ಅವನ ಅತ್ತೆಯ ಊರಿನಲ್ಲಿ ತನಗೆ ನೆಂಟಸ್ತಿಕೆ ಇರುವುದನ್ನೂ ಕಂಡುಹಿಡಿದಳು. ಇಬ್ಬರೂ ತೆಲುಗಿಗೆ ಹೊರಳಿ ಅರ್ಧ ಗಂಟೆ ಮಾತಾಡಿದರು. ನನಗೂ ಕಾಫಿ ಬಂತು, ಆದರೆ ದೊಡ್ಡಪ್ಪನ ಕೈಯಲ್ಲಿ. ನಾನು ಸಹಾಯ ಮಾಡಲು ಹಸುವಿನ ಬಳಿ ಹೋದರೆ ಅವಳು ಚಲಪತಿಗೆ, "ನಿಮ್ ಜೊತೆ ಬಂದಿದಾರಲ್ಲಾ, ಅವರಿಗೆ ಹೇಳಿ, ಅಲ್ಲಿ ನಿಂತ್ರೆ ಹಸು ಬೆದರುತ್ತೆ ಅಂತ" ಎಂದಳು. ಹಸು ಬೆದರಿಯೂ ಬೆದರಿತು. ನಾನು ಹಿಂದಕ್ಕೆ ಸರಿದು ಸಗಣಿಯಲ್ಲಿ ಜಾರಿ ಕೂತೆ. ಪ್ಯಾಂಟು ಒಗೆಯಲು ಹೋಯಿತು, ದೊಡ್ಡಪ್ಪನ ಪಂಚೆ ನನ್ನ ಸೊಂಟಕ್ಕೆ ಬಂತು.

ಚಲಪತಿ ಅವನದೇ ರೀತಿಯಲ್ಲಿ ಏರ್ಪಾಡು ಮಾಡಿದ. ನಡುವೆ ಎರಡು ಕುರ್ಚಿ, ಅದರಲ್ಲಿ ಗಂಡಹೆಂಡತಿ, ಮೊಣಕಾಲ ಮೇಲೆ ಕೈ. ಹಿಂದೆ ಮೈ ತೊಳೆದ ನಾಲ್ಕು ಹಸು. ಪಕ್ಕದಲ್ಲಿ ಬೈಕು. "ಮಿಷನ್ನೂ ಬರ್ಲಿ" ಎಂದಳು ದೊಡ್ಡಮ್ಮ. ಹಾಲು ಕರೆಯುವ ಮಿಷನ್ನೂ ಬಂದು ಕೂತಿತು. ಓಲೆಗೆ ಬೆಳಕು ಬೀಳುವಂತೆ ಅವಳ ಮುಖವನ್ನು ಒಂದು ಬೆರಳಷ್ಟು ತಿರುಗಿಸಿದ. ಎಲ್ಲ ಆದ ಮೇಲೆ ಕ್ಯಾಮೆರಾದಲ್ಲಿ ಕಣ್ಣಿಟ್ಟು, "ಈ ಕಡೆ ಖಾಲಿ ಹೊಡೀತಿದೆ. ಇನ್ನೊಬ್ರು ಯಾರಾದ್ರೂ ಇದ್ರೆ..." ಎಂದ.

ದೊಡ್ಡಮ್ಮ ನನ್ನ ಕಡೆ ನೋಡಲಿಲ್ಲ. "ಇನ್ಯಾರು, ಅವನೇ ನಿಂತ್ಕೊಳ್ಲಿ. ಮೊದ್ಲು ಆ ಟೋಪಿ ತೆಗೆಸಿ" ಎಂದಳು.

ಚಲಪತಿ ಫೋಟೋವನ್ನು ಅಲ್ಲಿಂದಲೇ ಗುಂಪಿಗೆ ಕಳಿಸಿದ. ನಾವು ಊಟಕ್ಕೆ ಕೂತಿದ್ದಾಗ ಅಭಿಪ್ರಾಯಗಳು ಟಿಂಗ್ ಟಿಂಗ್ ಎಂದು ಬರತೊಡಗಿದವು. ಮುದ್ದೆ ಮುರಿಯುತ್ತಿದ್ದ ದೊಡ್ಡಮ್ಮ, ಮೂರು ವಾರದಲ್ಲಿ ಮೊದಲ ಸಲ, ನೇರ ನನ್ನ ಮುಖ ನೋಡಿದಳು.

"ಏನಂತಾರೋ ನಿಮ್ಮೋರು? ಓದು."

ಎಡಗೈಯಲ್ಲಿ ಫೋನ್ ಹಿಡಿದು ಓದಿದೆ. ಮಿಷನ್ನು ತೆಗೆದುಹಾಕಿ ಎಂದಿದ್ದರು ಡಾಕ್ಟರು. "ಅವರ ತಲೆ" ಎಂದಳು ದೊಡ್ಡಮ್ಮ. ಅಮ್ಮನ ಓಲೆಯ ಮೇಲೆ ಬೆಳಕು ಚೆನ್ನಾಗಿ ನಿಂತಿದೆ, ಇದಕ್ಕೆ ಬಣ್ಣವೇ ಸರಿ ಎಂದಿದ್ದರು ರೆಡ್ಡಿಯವರು. "ಇವರು ಯಾರೋ ತಿಳಿದೋರು" ಎಂದಳು. ಮತ್ತೆ ಡಾಕ್ಟರದು ಇನ್ನೊಂದು ಬಂತು. ಅದನ್ನು ಮನಸ್ಸಿನಲ್ಲೇ ಓದಿಕೊಂಡು, "ಇಷ್ಟೇ, ಇನ್ನೇನಿಲ್ಲ" ಎಂದು ಫೋನ್ ಮಗುಚಿಟ್ಟೆ. ದೊಡ್ಡಪ್ಪ ಸುಮ್ಮನಿರಬಾರದೇ? ಕನ್ನಡಕ ಹಾಕಿಕೊಂಡು ಫೋನ್ ಎತ್ತಿ, ಪಂಚಾಯಿತಿ ನೋಟೀಸು ಓದುವ ಹಾಗೆ ಗಟ್ಟಿಯಾಗಿ ಓದಿದರು: "ಬಲ ತುದಿಯಲ್ಲಿ ನಿಂತಿರುವ ಬೊಕ್ಕತಲೆಯ ವ್ಯಕ್ತಿ ಚಿತ್ರಕ್ಕೆ ಏನನ್ನೂ ಸೇರಿಸುತ್ತಿಲ್ಲ. ಅವರನ್ನು ಕತ್ತರಿಸಿದರೆ ಚಿತ್ರ ಬಿಗಿಯಾಗುತ್ತದೆ."

ಟೋಪಿಯಿಲ್ಲದ, ಪಂಚೆಯುಟ್ಟ ನನ್ನನ್ನು ಎರಡು ವರ್ಷದ ಗೆಳೆಯ ಗುರುತೇ ಹಿಡಿದಿರಲಿಲ್ಲ. ಚಲಪತಿ ತಟ್ಟೆಯ ಮೇಲೆ ಬಗ್ಗಿ ಕೆಮ್ಮಿದ. ದೊಡ್ಡಮ್ಮ ನಗಲು ಶುರು ಮಾಡಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಎಡಗೈಯಿಂದ ಸೆರಗು ಹಿಡಿದು ಒರೆಸಿಕೊಂಡಳು.

"ಕತ್ತರಿಸೋದೇನೂ ಬೇಡ ಅಂತ ಹೇಳ್ರಪ್ಪ ಅವರಿಗೆ" ಎಂದಳು. "ನೋಡೋಕೆ ಹೆಂಗಾದ್ರೂ ಇರ್ಲಿ, ನಮ್ಮನೇಲಿ ಉಂಡು ಬೆಳೆದೋನು." ಹಾಗೆಂದು, ಬೇಡ ಬೇಡ ಎನ್ನುತ್ತಿದ್ದರೂ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು, ಅದರ ಮೇಲೆ ಸಾರು ಸುರಿದಳು.

ಆ ಫೋಟೋ ಈಗ ಕಟ್ಟು ಹಾಕಿಸಿಕೊಂಡು ಅವರ ನಡುಮನೆಯ ಗೋಡೆಯ ಮೇಲಿದೆ. ಮೊನ್ನೆ ಹೋದಾಗ ಅಲ್ಲಿ ಯಾರೂ ಇರಲಿಲ್ಲ. ಹತ್ತಿರ ಹೋಗಿ, ಬಲ ತುದಿಯನ್ನು ಅಂಗೈಯಿಂದ ಮುಚ್ಚಿ ನೋಡಿದೆ. ಕೈ ತೆಗೆದು ನೋಡಿದೆ. ಮತ್ತೆ ಮುಚ್ಚಿ ನೋಡಿದೆ. ಏನು ಮಾಡುವುದು, ಡಾಕ್ಟರು ಹೇಳಿದ್ದೇ ಸರಿ.